ತಂಗಡಿ ಹೂವಿನ ಹಕ್ಕು

ಫಸಲಿ ಇಸವಿ ೧೩೨೫. ಎಳ್ಳ ಅಮಾವಾಸ್ಯೆ ಕಳೆದ ಎರಡನೆಯ ದಿನ ಬೆಳಿಗ್ಗೆ ಹತ್ತಿ ವ್ಯಾಪಾರಿ ದೌಲಪ್ಪ ಕಲಬುರಗಿ ಠಾಣೆಗೆ ಬಂದು ಫಿರ್ಯಾದು ಬರೆಸಿದ. ಹಬ್ಬದಂದು ಕಮಲಾಪುರದ ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ ಉಂಡ ಮೇಲೆ, ರಾತ್ರಿ ಗುಡ್ಡದಲ್ಲಿ ತೋಳ, ಮುಳ್ಳುಹಂದಿ ನೋಡಬೇಕೆಂಬ ಹುಕಿ ಹುಟ್ಟಿತಂತೆ. ಪ್ರಾಣಿಗಳ ಜಾಡು ಹಿಡಿಯುವ ಜಾಡುಗಾರ ಅಮೋಘಪ್ಪ ಮುಂದೆ ನಡೆದ. ಹಳೆಯ ಕಲ್ಲುಗಣಿಯ ಅಂಚಿನಲ್ಲಿ ಅವನು ಗಕ್ಕನೆ ನಿಂತನಂತೆ; ಹಿಂದೆ ನಡೆದಿದ್ದ ದೌಲಪ್ಪನ ಭಾವಮೈದುನ ನೀಲಕಂಠ ನಿಲ್ಲಲಾಗದೆ ಗಣಿಗೆ ಬಿದ್ದು ಕಾಲು ಮುರಿದುಕೊಂಡಿದ್ದ.

"ಬೇಕಂತನ ಆ ದಾರಿ ಹಿಡಿಸ್ಯಾನ್ರಿ. ಒಳಗ ಹಾಕ್ರಿ ಅಂವನ್ನ."

ಠಾಣೆಯ ಅಮೀನ ಮಹಾದೇವಪ್ಪ ಕುದುರೆ ಏರಿದರು. ಅವರ ಹೊಟ್ಟೆ ಆಗಲೇ ಉರಿಯುತ್ತಿತ್ತು. ತಾವೇ ಕೈಹಿಡಿದು ಪಂಚನಾಮೆ ಬರೆಯಲು ಕಲಿಸಿದವನು ಹೋದ ತಿಂಗಳು ತಮ್ಮ ಮೇಲಧಿಕಾರಿಯಾಗಿ ಬಂದಿದ್ದ. ಅವನಿಗೆ ದಿನಾ ಸಲಾಮು ಹೊಡೆಯುವ ಕರ್ಮ ಶತ್ರುವಿಗೂ ಬೇಡ.

ಇಳಿಹೊತ್ತಿಗೆ ಅಮೋಘಪ್ಪನನ್ನು ಕರೆಸಿ ಗಣಿಯ ಹತ್ತಿರ ಪಂಚನಾಮೆ ನಡೆಸಿದರು. ಸುಣ್ಣ ಬಳಿದ ಕಲ್ಲುಗಳು ಸಾಲಾಗಿ ಗಣಿಯ ಬಾಯಿಗೇ ಹೋಗಿದ್ದವು.

"ಕಲ್ಲು ಇಟ್ಟವರು ಯಾರು?"

"ನಾನ ರೀ," ಎಂದ ಅಮೋಘಪ್ಪ. "ಕಂದೀಲು ಕಂಡ್ರ ಪ್ರಾಣಿ ಓಡ್ತಾವ. ಅದಕ್ಕ ಹಗಲೇ ಸುಣ್ಣದ ಕಲ್ಲು ಇಟ್ಟು, ಕತ್ತಲದಾಗ ಅವನ್ನ ಹಿಡದು ನಡೀತೀವಿ. ಖರೇ ಈ ಕಡಿ ನಾ ಇಟ್ಟಿಲ್ರಿ."

ಮಾತು ನಿಜವಿತ್ತು. ಸರಿಯಾದ ದಾರಿಯಲ್ಲಿ ಕಲ್ಲು ಕಿತ್ತ ಹಸಿ ಗುಳಿಗಳು ಕಂಡವು. ಆದರೆ ಕಿತ್ತವರಾರೆಂದು ತಿಳಿಯದಿದ್ದರೆ ಅಮೋಘಪ್ಪನಿಗೆ ಜೇಲು ತಪ್ಪದು, ಮುಂದೆ ಯಾರೂ ಅವನನ್ನು ನಂಬಿ ಗುಡ್ಡ ಹತ್ತರು.

ಗುಡ್ಡದ ಬುಡದಲ್ಲಿ ಅಡವಿ ಲಕ್ಕವ್ವ ದೇವಿಯ ಕಲ್ಲಿತ್ತು. ಅದರ ಮುಂದೆ ಅಮೋಘಪ್ಪ ಬಗ್ಗಿ ಏನನ್ನೋ ಮುಷ್ಟಿಯಲ್ಲಿ ಮುಚ್ಚಿಕೊಂಡ. ಜವಾನ ತುಕಾರಾಮ ಮುಷ್ಟಿ ಬಿಡಿಸಿದ. ಒಳಗೆ ಒಂದೆರಡು ದಿನದ ಹಿಂದೆ ಕಿತ್ತು ಬಾಡಿದ ತಂಗಡಿ ಹೂವು.

"ಯಾರದು?"

"ಕೇಳಬ್ಯಾಡ್ರಿ ಸಾಹೇಬ್ರ."

ತುಕಾರಾಮ ಕಮಲಾಪುರದವನೇ. "ಜಾಡುಗಾರರು ಲಕ್ಕವ್ವಗ ಕಾಣಿಕಿ ಕೊಡದೇ ಗುಡ್ಡ ಹತ್ತಂಗಿಲ್ರಿ," ಎಂದ. "ಶಿಷ್ಯರು ಬನ್ನಿ ಎಲಿ ಇಡಬೇಕು. ಹೂವ ಇಡೋ ಹಕ್ಕು ಗುರುವಿಗೊಬ್ಬಗ. ಇವನ ಗುರು ಕಾಶಿರಾಯ."

ಕಾಶಿರಾಯ ಮನೆಯಲ್ಲೇ ಇದ್ದ.

"ಗುಡ್ಡಕ್ಕ ಯಾವಾಗ ಹೋಗಿದ್ದಿ?"

"ದೀಪಾವಳಿ ಆದಮ್ಯಾಲ ಕಾಲಿಟ್ಟಿಲ್ರಿ."

ಅಮೀನರು ಹೂವನ್ನು ಅವನ ಮುಂದಿಟ್ಟರು. ಮುದುಕ ಅದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡ.

"ಕಲ್ಲು ಕೀಳಾಕ ಕಳ್ಳಂಗ ಹೊಂಟವಾ ಹೂವ ಯಾಕ ಇಟ್ಟಿ?"

"ಎಲಿ ಇಟ್ಟಿದ್ರ ನಾನೂ ಅಂವನ ಸರಿಸಮ ಆಗ್ತಿದ್ದೆ." ಆಮೇಲೆ ತಡೆದು ತಡೆದು ಹೇಳಿದ, "ಅಂವನ ಹೆಸರು ಕೆಡಲಿ ಅಂದಿದ್ದೆ. ಕಾಲು ಮುರೀಲಿ ಅಂದಿದ್ದಿಲ್ಲ. ದೀಪಾವಳಿಗೆ ಮಂದಿ ಮುಂದ ನಾ ತೋಳದಂಗ ಕೂಗಿದೆ, ತೋಳ ಓಗೊಡಲಿಲ್ಲ. ಅಂವ ಕೂಗಿದಾ, ಓಗೊಟ್ಟವು. ಅದು ನಾ ಕಲಿಸಿದ ಕೂಗು ರೀ."

ಅಮೀನರ ಲೇಖನಿಯ ಟಾಕು ನಿಂತಿತು. ಈ ಉರಿ ಅವರಿಗೆ ಹೊಸದಲ್ಲ. ಆದರೂ ಬರೆದು ಮುಗಿಸಿ, ಹೆಬ್ಬೆಟ್ಟು ಒತ್ತಿಸಿಕೊಂಡು, ದಸ್ತಗಿರಿಗೆ ಹೇಳಿದರು.

ಕಾಶಿರಾಯ ಬಾಗಿಲಲ್ಲಿ ನಿಂತಿದ್ದ ಶಿಷ್ಯನನ್ನು ಕೇಳಿದ, "ಅಮಾಸಿ ರಾತ್ರಿ ಕೂಗಿದ್ದೇನು?"

"ಹೂಂ ಕಾಕಾ."

"ತೋಳ ಓಗೊಟ್ಟವೇನು?"

ಅಮೋಘಪ್ಪ ನೆಲ ನೋಡಿದ. "ಇಲ್ಲ ಕಾಕಾ."

"ಸುಳ್ಳು ಹೇಳಬ್ಯಾಡ. ಮಾಳಿಗಿ ಮ್ಯಾಲೆ ಕುಂತು ಕೇಳೀನಿ. ಮೂರು ಕಡಿಯಿಂದ ಓಗೊಟ್ಟವು."

ಹೀಗೆಂದು ಮುದುಕ ತುಕಾರಾಮನ ಬೇಡಿಗೆ ಎರಡೂ ಕೈ ಚಾಚಿದ.