ಮೂರನೆಯ ಅಧ್ಯಾಯದಲ್ಲಿ ಅಂಬರೇಶ

"ಆ ಪಂಚಾಯಿತಿಯಲ್ಲಿ ಅಧ್ಯಕ್ಷೆ ಹೆಸರಿಗೆ ಮಾತ್ರ. ಆಡಳಿತವೆಲ್ಲ ಮಗನದು!"

ಇಷ್ಟು ಹೇಳಿ ಮಲ್ಲೇಶ್ವರಿ ನೀರಿನ ಲೋಟ ಎತ್ತಿದ್ದಳು ಅಷ್ಟೇ. ಸೆಮಿನಾರ್ ಹಾಲ್‌ನ ಕೊನೆಯ ಸಾಲಿನಲ್ಲಿ ಒಬ್ಬ ಎದ್ದು ನಿಂತ.

"ಆ ಮಗ ನಾನೇ ರೀ."

ಹಾಲ್ ಪೂರ್ತಿ ಅವನತ್ತ ತಿರುಗಿತು!

ಕಲ್ಲೂರಿನ ಮಲ್ಲೇಶ್ವರಿ ರಾಯಚೂರಿನಲ್ಲಿ ರಾಜ್ಯಶಾಸ್ತ್ರ ಎಂ.ಎ. ಕೊನೆಯ ವರ್ಷದವಳು. ಸುಲಭಕ್ಕೆ ಯಾರಿಗೂ ಸೊಪ್ಪು ಹಾಕುವವಳಲ್ಲ. ಮಹಿಳೆಯರು ಅಧ್ಯಕ್ಷರಾಗಿರುವ ಗ್ರಾಮ ಪಂಚಾಯಿತಿಗಳ ಮೇಲೆ ಅವಳ ಕಿರುಪ್ರಬಂಧ. ಎದ್ದು ನಿಂತವನು ದೇವದುರ್ಗದ ಕಡೆಯ ಅಂಬರೇಶ, ಪಕ್ಕದ ವಿಭಾಗದಲ್ಲಿ ಸಾರ್ವಜನಿಕ ಆಡಳಿತ ಓದುವವನು. ಅಧ್ಯಕ್ಷೆ ಗೋಪಮ್ಮ ಅವನ ತಾಯಿ. ಪ್ರಬಂಧಕ್ಕಾಗಿ ಆ ಪಂಚಾಯಿತಿಯ ಸಭೆ ನೋಡಲು ಹೋಗಿದ್ದ ದಿನ ಬಾಗಿಲ ಬಳಿ ಕೂತಿದ್ದ ಮಲ್ಲೇಶ್ವರಿ ಅವನ ಬೆನ್ನನ್ನಷ್ಟೇ ನೋಡಿದ್ದಳು.

"ಆವತ್ತು ಎಷ್ಟು ಗಂಟೆಕ್ಕ ಎದ್ದು ಹೋದ್ರಿ?" ಎಂದು ಕೇಳಿದ ಅವನು.

"ಒಂದೂವರಿ ಬಸ್ಸಿಗೆ. ಅಲ್ಲಿ ತನಕ ನಿಮ್ಮ ಅವ್ವಾರು ಒಂದು ಮಾತೂ ಆಡಲಿಲ್ಲ. ಎಲ್ಲಾ ಕಾಗದ ನೀವೇ ಓದಿದ್ರಿ!"

"ಸಭಿ ಮುಗಿದಿದ್ದು ಮೂರಕ್ಕ ರೀ."

ಮಲ್ಲೇಶ್ವರಿ ಎತ್ತಿದ್ದ ಲೋಟ ಕೆಳಗಿಟ್ಟಳು. ಬಸ್ಸು ತಪ್ಪುತ್ತದೆಂದು ಅರ್ಧ ಸಭೆ ನೋಡಿ ಪೂರ್ತಿ ಅಧ್ಯಾಯ ಬರೆದಿದ್ದಳು!

ಹೊರಗೆ ಬಂದ ಮೇಲೆ ಅವಳ ಮಾರ್ಗದರ್ಶಕಿ ಚಂದ್ರಕಲಾ ಮೇಡಂ ಸಮಾಧಾನ ಹೇಳಿದರು. "ಇನ್ನ ಇಪ್ಪತ್ತು ದಿನದಾಗ ಪ್ರಬಂಧ ಕೊಡಬೇಕು. ಅದೊಂದು ಪಂಚಾಯಿತಿ ತೆಗೆದುಬಿಡು."

"ಇಲ್ಲ ಮೇಡಂ. ತಪ್ಪಾಗಿದ್ರ ತಿದ್ತೀನಿ, ತೆಗ್ಯಾಂಗಿಲ್ಲ."

ಅಂದವಳೇ ನೇರ ಅಂಬರೇಶನ ಮುಂದೆ ಹೋಗಿ ನಿಂತಳು.

"ಮುಂದಿನ ಸಭಿ ಯಾವಾಗ?"

"ಬರೋ ಮಂಗಳವಾರ. ಬರ್ತೀರಿ?" ಅವನ ದನಿಯಲ್ಲಿ ಕುಚೋದ್ಯವಿತ್ತು.

"ಬರ್ತೀನಿ. ಬಸ್ ಹೋದ್ರ ಹೋಗ್ಲಿ."

ಮಂಗಳವಾರ ಇಬ್ಬರೂ ಒಂದೇ ಬಸ್ಸಿನಲ್ಲಿ ಹೊರಟರು. ಬಸ್ ಸ್ಟ್ಯಾಂಡಿನಲ್ಲಿ ಅವನು ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ಕಟ್ಟಿಸಿಕೊಂಡು ಬಂದ. ದೇವದುರ್ಗ ಬರುವವರೆಗೂ ಮೀಸಲಾತಿ, ಗ್ರಾಮಸಭೆ ಎಂದು ಜಗಳವೋ ಜಗಳ! ತಪ್ಪೆಂದು ಗೊತ್ತಾದ ಕೂಡಲೇ ಅವನು ನಕ್ಕು ಒಪ್ಪಿಕೊಳ್ಳುತ್ತಿದ್ದ. 'ಇವನ ಜೊತೆ ಜಗಳ ಆಡಿದರೂ ಮನಸ್ಸಿಗೆ ಯಾಕೆ ಇಷ್ಟು ಹಿತ...?' ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಸಭೆಯಲ್ಲಿ ಕುಡಿಯುವ ನೀರಿನ ಪೈಪಿನ ವಿಷಯ ಬಂತು. ಅಂಬರೇಶ ಕಾಗದ ಓದಿದ. ಸದಸ್ಯರೆಲ್ಲ ಒಬ್ಬೊಬ್ಬರಾಗಿ ಕೂಗಾಡಿದರು. ಗೋಪಮ್ಮ ಸೆರಗು ಹೊದ್ದು ಸುಮ್ಮನೆ ಕೂತಿದ್ದರು. ಒಂದೂವರೆ ಬಸ್ಸು ಹಾರ್ನ್ ಹೊಡೆದು ಹೋಯಿತು. ಮಲ್ಲೇಶ್ವರಿ ಅಲುಗಾಡಲಿಲ್ಲ.

ಎರಡೂವರೆಗೆ ಗೋಪಮ್ಮ ಬಾಯಿ ತೆಗೆದರು.

"ಎಲ್ಲಾರ್ದೂ ಆತಿಲ್ಲ? ಈಗ ನಾ ಹೇಳ್ತೀನಿ. ಮೊದಲ ಪೈಪು ಕೊನೀ ಓಣಿಗೆ."

"ಯವ್ವಾ, ನಮ್ಮ ಓಣಿಗೆ ಮೊದಲು ಹಾಕಿದ್ರ..." ಅಂಬರೇಶ ನಡುವೆ ಬಾಯಿ ಹಾಕಿದ.

"ಲೇ, ಸುಮ್ಮಕಿರು! ನಿನ್ನ ಓದಾಕ ಕುಂದರಿಸೀನಿ, ಹೇಳಾಕಲ್ಲ."

ಸಭೆಗೆ ಸಭೆಯೇ ನಕ್ಕಿತು. ಆಮೇಲೆ ಮಲ್ಲೇಶ್ವರಿ ಗೋಪಮ್ಮನ ಕೈ ಹಿಡಿದು, "ತಪ್ಪಾತು ಯವ್ವಾ... ನಿಮ್ಮನ್ನ ಒಂದು ಮಾತು ಕೇಳಲಿಲ್ಲ ನಾನು," ಎಂದಳು.

"ಇರ್ಲಿ ಬಿಡವ್ವಾ. ಅಧ್ಯಕ್ಷಿ ಮೊದಲ ಮಾತಾಡಿದ್ರ ಉಳದವ್ರು ಹೂಂ ಅಂತಾರ ಅಷ್ಟ. ಅದಕ್ಕ ನಾ ಕಡೀಗೆ ಮಾತಾಡ್ತೀನಿ."

ರಾಯಚೂರಿಗೆ ಹೊರಟ ಅವಳನ್ನು ಬಸ್ಸು ಹತ್ತಿಸಲು ಬಂದ ಅಂಬರೇಶ ಖುಷಿಯಲ್ಲಿದ್ದ. "ಇನ್ನ ನನ್ನ ಮ್ಯಾಲೆ ಬರದದ್ದೆಲ್ಲಾ ತೆಗೀತೀರಲ್ಲ?"

ಮಲ್ಲೇಶ್ವರಿ ಬಸ್ಸು ಹತ್ತಿ ಟಿಪ್ಪಣಿ ಪುಸ್ತಕ ಬಿಚ್ಚಿದಳು.

ಅಧ್ಯಾಯವನ್ನು ಹೊಸದಾಗಿ ಬರೆದಳು. ಗೋಪಮ್ಮನ ಬಗ್ಗೆ ನಾಲ್ಕು ಪುಟ ಸರಾಗವಾಗಿ ಬಂತು. ಆದರೆ ಒಂದು ಸಾಲು ಮಾತ್ರ ಅಲ್ಲೇ ಕೂತಿತ್ತು: 'ಸದಸ್ಯನಲ್ಲದ ಮಗ ಸಭೆಯಲ್ಲಿ ಕುಳಿತು ಕಡತ ಓದಿದ್ದು ನಿಯಮಕ್ಕೆ ಹೊಂದುವುದಿಲ್ಲ.'

ಅವನು ಆಡಳಿತ ಸೇವೆಯ ಪರೀಕ್ಷೆ ಬರೆಯಬೇಕೆಂದಿದ್ದವನು. ಇದನ್ನು ಓದಿದರೆ ಎಷ್ಟು ನೊಂದುಕೊಳ್ಳುತ್ತಾನೋ! ನಿಜ ಹೇಳಬೇಕೆಂದರೆ ಅವನು ಅವಳಿಗೆ ತುಂಬಾ ಇಷ್ಟವಾಗಿಬಿಟ್ಟಿದ್ದ. 'ಈ ಸಾಲು ತೆಗೆದರೆ ಅವನು ಉಳಿಯುತ್ತಾನೆ. ಆದರೆ ನಾನು ನಾನಾಗಿ ಉಳಿಯುತ್ತೇನಾ...?'

ಸಾಲನ್ನು ಹಾಗೇ ಬಿಟ್ಟಳು.

ಪ್ರಬಂಧ ಕೊಡುವ ಹಿಂದಿನ ದಿನ ವಿಭಾಗದ ಮೆಟ್ಟಿಲ ಮೇಲೆ ಕೂತಿದ್ದ ಅವನ ಕೈಗೆ ತಾನೇ ಆ ಹಾಳೆಗಳನ್ನು ಕೊಟ್ಟಳು. ಓದುತ್ತಾ ಓದುತ್ತಾ ಅವನ ಮುಖ ಕೆಂಪಾಯಿತು.

"ಇದೊಂದು ಸಾಲು ಇಟ್ಟೇ ಬಿಟ್ರಿ...?"

"ನೀವು ಕುಂತಿದ್ದು ಖರೇ. ಹೆಂಗ ತೆಗೀಲಿ?" ಅವಳು ಅವನ ಮುಖವನ್ನೇ ನೋಡಿ ಕೇಳಿದಳು. "ಇನ್ನೊಂದು ಹೇಳ್ತೀನಿ, ಕೇಳ್ರಿ. ನೀವಂದ್ರ ನನಗ ಇಷ್ಟ. ಅದಕ್ಕ ಆ ಒಂದು ಸಾಲಿಗೆ ಮೂರು ದಿನ ಹಿಡೀತು. ಬ್ಯಾರೆ ಯಾರರ ಆಗಿದ್ರ ಮೂರು ನಿಮಿಷ ಸಾಕಿತ್ತು!"

ಅಂಬರೇಶ ಆ ಸಾಲನ್ನು ಮತ್ತೊಮ್ಮೆ ಓದಿ, ಹಾಳೆಗಳನ್ನು ಜೋಡಿಸಿ ಅವಳ ಕೈಗೆ ಕೊಟ್ಟ. ಅವಳ ಕಣ್ಣು ತುಂಬಿ ಬಂದವು.

"ತೆಗೆದಿದ್ರ ಇವತ್ತು ನನಗ ಖುಷಿ ಆಗ್ತಿತ್ತು," ಎಂದ ಕಡೆಗೆ. "ಆದ್ರ ಈಗ ಹೇಳಿದ್ರಲ್ಲ, ಇಷ್ಟ ಅಂತ... ಸಾಲು ತೆಗೆದಿದ್ರ ಅದನ್ನ ನಂಬ್ತಿರಲಿಲ್ಲ ನಾನು. ನನಗೂ ನೀವಂದ್ರ ಜೀವ ರೀ, ಮಲ್ಲೇಶ್ವರಿ. ಆದ್ರ ಎರಡು ದಿನ ಸಿಟ್ಟಂತೂ ಇರ್ತದ ನೋಡ್ರಿ!"

"ಆಮ್ಯಾಲೆ?"

"ಆಮ್ಯಾಲೆ ಅವ್ವನ್ನ ಕರ್ಕೊಂಡು ಕಲ್ಲೂರಿಗೆ ಬರ್ತೀನಿ. ಹೆಣ್ಣು ಕೇಳಾಕ."

ಮಲ್ಲೇಶ್ವರಿ ಕಣ್ಣೊರೆಸಿಕೊಂಡು ಅವನ ಪಕ್ಕದಲ್ಲೇ ಕೂತಳು.

"ಎರಡು ದಿನ ಯಾಕ್ರಿ? ಈಗ್ಲೇ ಸಿಟ್ಟು ಮಾಡ್ಕೊಂಡು ಮುಗಸ್ರಿ... ನಾ ಇಲ್ಲೇ ಕುಂತಿರ್ತೀನಿ."