ತೋಟದ ಮೂಲೆಯ ಗೂಟಗಳು

ಪ್ರಮೀಳಾ ಗುಬ್ಬಿ ಠಾಣೆಗೆ ಬಂದಾಗ ಮಧ್ಯಾಹ್ನ ಎರಡೂವರೆ. ತುಮಕೂರಿನ ಸದಾಶಿವನಗರದಿಂದ ಆಟೊ ಮಾಡಿಕೊಂಡು ಬಂದಿದ್ದ ಆಕೆಗೆ ಕುರ್ಚಿ ಕೊಟ್ಟರೂ ಕೂರಲಾಗಲಿಲ್ಲ. ಗಂಡ ಕೃಷ್ಣಕುಮಾರ್ ಮಣ್ಣು ಪರೀಕ್ಷೆಯ ಇಂಜಿನಿಯರ್. ಬೆಳಿಗ್ಗೆ ಚಿಕ್ಕಹನುಮಯ್ಯನವರ ತೋಟಕ್ಕೆ ಹೋದವರು ಫೋನಿಗೇ ಸಿಗುತ್ತಿಲ್ಲ.

ಪಿಎಸ್‌ಐ ಭಾನುಪ್ರಿಯಾಗೆ ಆ ತೋಟ ಗೊತ್ತಿತ್ತು. ತಾಲ್ಲೂಕಿಗೆಲ್ಲ ಗೊತ್ತಿತ್ತು. ಆಸ್ಪತ್ರೆ, ಯೋಗ ಮಂದಿರ, ಮನಸ್ಸಿನ ಕಾಯಿಲೆಯವರ ಆರೈಕೆ ಮನೆ, ಎಲ್ಲ ಅಲ್ಲಿ ಒಂದೇ ಆವರಣದಲ್ಲಿ ಏಳಬೇಕಿತ್ತು. ಜಾಗ ಚಿಕ್ಕಹನುಮಯ್ಯನವರ ದಾನ, ಹಣ ಬೆಂಗಳೂರಿನ ಪ್ರತಿಷ್ಠಾನವೊಂದರದು. ಮಣ್ಣಿನ ವರದಿ ಈ ವಾರ ಕೈಸೇರದಿದ್ದರೆ ಹಣ ಬೇರೆ ಜಿಲ್ಲೆಗೆ ಹೋಗುತ್ತದೆಂದು ಪ್ರತಿಷ್ಠಾನದವರು ಖಡಾಖಂಡಿತವಾಗಿ ಹೇಳಿದ್ದರು.

"ಯಾರ ಮೇಲಾದ್ರೂ ಅನುಮಾನ ಇದೆಯಾ?"

"ಗೊತ್ತಿಲ್ಲ ಮೇಡಂ. ಸರ್ವೆ ಗೂಟ ಯಾರೋ ಕಿತ್ ಹಾಕ್ತಾನೇ ಇದ್ರಂತೆ. ಹೋದ್ ವಾರ ಅಲ್ಲೇ ಮೊಳೆ ಚುಚ್ಚಿದ ನಿಂಬೆಹಣ್ಣು, ಗೊಂಬೆ ಇಟ್ಟಿದ್ರು. ಇವ್ರು ನಕ್ಕುಬಿಟ್ರು. ನಂಗೆ ಅವತ್ತಿಂದ ನಿದ್ದೆ ಇಲ್ಲ."

ಭಾನುಪ್ರಿಯಾಗೆ ನಗು ಬರಲಿಲ್ಲ. ಕುಣಿಗಲ್‌ನಲ್ಲಿದ್ದಾಗ ಹೀಗೇ ಕಾಣೆಯಾದ ಒಬ್ಬನನ್ನು ಹುಡುಕಿ ಹೊರಟು, ಕೊನೆಗೆ ಕೆರೆಯಿಂದ ಹೆಣ ಎತ್ತಿಸಿದ್ದಳು. ಅವನ ಹೆಂಡತಿಯ ಮುಖಕ್ಕೆ ಏನು ಹೇಳಿದೆನೆಂದು ಇವತ್ತಿಗೂ ಆಕೆಗೆ ನೆನಪಿಲ್ಲ. ಈ ಹೆಂಗಸಿಗೂ ಅದನ್ನೇ ಹೇಳಬೇಕಾದೀತೇ ಎಂದುಕೊಂಡಳು. ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ ಓಬಳಯ್ಯನನ್ನು ಕರೆದುಕೊಂಡು ಹೊರಟಳು.

ಮೂರೂಕಾಲಿಗೆ ಜೀಪು ತೋಟ ತಲುಪಿತು. ಚಿಕ್ಕಹನುಮಯ್ಯ ಎಳನೀರು ಕೆತ್ತಿಸಿ ಕಾದಿದ್ದರು. ಪೊಲೀಸರು ಬರುತ್ತಾರೆಂದು ಮೊದಲೇ ಗೊತ್ತಿದ್ದ ಹಾಗಿತ್ತು ಅವರ ಉಪಚಾರ.

"ಇಂಜಿನಿಯರ್ ಬಂದಿದ್ರಾ?"

"ಬಂದಿದ್ರು ಕಣಮ್ಮ. ಬೆಳಿಗ್ಗೇನೇ ಹೊಂಟೋದ್ರು, ಬೈಕ್‌ನಾಗೆ."

"ಗೂಟ ಕಿತ್ತ ಜಾಗ ತೋರ್ಸಿ."

ಸ್ಥಳ ಪಂಚನಾಮೆ ಶುರುವಾಯಿತು. ತೋಟದ ಸುತ್ತ ಗೂಟಗಳೆಲ್ಲ ನೆಟ್ಟಗಿದ್ದವು. ಕಿತ್ತಿದ್ದು ಹಿಂದಿನ ಮೂಲೆಯಲ್ಲಿ ಮಾತ್ರ, ಆರೈಕೆ ಮನೆಗೆ ಗುರುತು ಹಾಕಿದ ಕಡೆ. ಯಜಮಾನರು ಮುಂದೆ ಮುಂದೆ ನಡೆಯುತ್ತ ಈ ವರ್ಷದ ಕೊಬ್ಬರಿ ಧಾರಣೆ ಹೇಳುತ್ತಿದ್ದರು. ಮೂಲೆ ಸಮೀಪಿಸಿದಾಗ ಮಾತು ನಿಲ್ಲಿಸಲಿಲ್ಲ, ನಡಿಗೆಯನ್ನೂ ನಿಲ್ಲಿಸಲಿಲ್ಲ. ಕಾಲು ಮಾತ್ರ ತಾನಾಗಿ ಚಪ್ಪಲಿ ಕಳಚಿ ಅಂಚಿನಲ್ಲೇ ಬಿಟ್ಟಿತು.

ಭಾನುಪ್ರಿಯಾಳ ಕಣ್ಣು ಆ ಚಪ್ಪಲಿಗಳ ಮೇಲೆ ನಿಂತಿತು. ಅವಳ ಊರಲ್ಲೂ ಅಜ್ಜನನ್ನು ತೋಟದಲ್ಲೇ ಮಣ್ಣು ಮಾಡಿದ್ದರು. ಆ ಜಾಗ ತುಳಿಯುವಾಗ ಮನೆಯವರಿಗೆ ಯಾರೂ ಚಪ್ಪಲಿ ಬಿಡು ಅನ್ನಬೇಕಾಗಿರಲಿಲ್ಲ. ಆದರೆ ಇಲ್ಲಿ ಗುಡಿಯಿಲ್ಲ, ಕಲ್ಲಿಲ್ಲ, ಒಂದು ಹಣತೆಯೂ ಇಲ್ಲ. ತಾನು ಬೂಟು ಹಾಕಿಕೊಂಡು ಯಾರ ಮೇಲೆ ನಿಂತಿದ್ದೇನೆ? ಎರಡು ಹೆಜ್ಜೆ ಹಿಂದೆ ಸರಿದಳು.

"ಇಲ್ಲಿ ಯಾರನ್ನ ಮಣ್ಣು ಮಾಡಿದೀರಿ?"

ಧಾರಣೆಯ ಮಾತು ನಿಂತಿತು. "ಯಾರನ್ನೂ ಇಲ್ಲ."

"ಮತ್ತೆ ಚಪ್ಪಲಿ?"

ಅವರು ತಮ್ಮ ಪಾದಗಳನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡರು.

ಮನೆಯಲ್ಲಿ ಅವರ ಹೆಂಡತಿ ಲಕ್ಷ್ಮೀದೇವಮ್ಮ ಒಬ್ಬರೇ ಇದ್ದರು. ಗೋಡೆಯ ಮೇಲೆ ಹುಡುಗಿಯೊಬ್ಬಳ ಫೋಟೊ ಇತ್ತು.

"ಮಗಳಾ?"

"ಹೇಮಶ್ರೀ. ಕುಣಿಗಲ್‌ಗೆ ಕೊಟ್ಟಿದೀವಿ."

"ಅಳಿಯನ ಹೆಸ್ರು?"

ಆಕೆ ಗಂಡನ ಮುಖ ನೋಡಿದರು. ಅಳಿಯನ ಹೆಸರಿಗೆ ಗಂಡನ ಮುಖ ನೋಡುವ ಅತ್ತೆಯನ್ನು ಭಾನುಪ್ರಿಯಾ ಕಂಡಿರಲಿಲ್ಲ. ಚಿಕ್ಕಹನುಮಯ್ಯ ತಡವರಿಸಿ ಒಂದು ಹೆಸರು, ಒಂದು ಬೀದಿ ಹೇಳಿದರು. ಅವಳು ಕುಣಿಗಲ್‌ನ ಹಳೆಯ ಸಹೋದ್ಯೋಗಿಗೆ ಫೋನ್ ಮಾಡಿದಳು. ಅರ್ಧ ಗಂಟೆಯಲ್ಲಿ ಉತ್ತರ ಬಂತು. ಆ ಬೀದಿಯಲ್ಲಿ ಅಂಥವರು ಯಾರೂ ಇಲ್ಲ.

ಅಷ್ಟರಲ್ಲಿ ತೋಟ ಹುಡುಕಲು ಹೋಗಿದ್ದ ಓಬಳಯ್ಯ ಓಡಿ ಬಂದ. "ಮೇಡಂ, ಗರಿ ರಾಶಿ ಕೆಳಗೆ ಬೈಕ್ ಅದೆ! ಆಚೆ ಪಂಪ್‌ಹೌಸ್‌ಗೆ ಹೊಸ ಬೀಗ."

"ಮೋಟ್ರು ಸುಟ್ಟೋಗದೆ, ಅದ್ಕೆ ಹಾಕಿದೀನಿ," ಎಂದರು ಯಜಮಾನರು.

ಬಿಸಿಲಿಗೆ ಕಾದ ಶೀಟಿನ ಚಾವಣಿ, ಕಿಟಕಿ ಇಲ್ಲ. ಅವಳು ಬಾಗಿಲಿಗೆ ಕಿವಿಯಿಟ್ಟಳು. ಏನೂ ಕೇಳಿಸಲಿಲ್ಲ. ಪ್ರಮೀಳಾಳ ಮುಖ ಕಣ್ಣಿಗೆ ಕಟ್ಟಿತು. "ಒಡಿ ಓಬಳಯ್ಯ, ಬೇಗ ಒಡಿ."

ಕೃಷ್ಣಕುಮಾರ್ ಮೂಲೆಯಲ್ಲಿ ಬಿದ್ದಿದ್ದರು. ಬಾಯಿಗೆ ಟವೆಲ್ಲು, ತಲೆಯಲ್ಲಿ ಒಣಗಿದ ರಕ್ತ. ಅವಳು ಮೂಗಿನ ಬಳಿ ಬೆರಳಿಟ್ಟಳು. ಉಸಿರು ಬಿಸಿಯಾಗಿ ತಾಗಿತು. ಅಳು ಬಂದಂತಾಗಿ, ಬೈಯುವ ದನಿಯಲ್ಲಿ ಆಂಬುಲೆನ್ಸ್ ಕರೆಸಿದಳು.

ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಇನ್ನೊಂದು ಭಯ ಕಾದಿತ್ತು. ಗೋಡೆಯ ಕೆಳಭಾಗದಲ್ಲಿ ಇದ್ದಿಲಲ್ಲಿ ಬರೆದ ಕೋಳಿ, ಹೂವು, ಕೈ ಹಿಡಿದುಕೊಂಡ ಮೂವರು. ಬಾಗಿಲ ಒಳಬದಿ ಉಗುರಿನ ಗೀರುಗಳು. ಹೊರಗಿನ ಚಿಲಕ ಹಳೆಯದು, ವರ್ಷಗಟ್ಟಲೆ ತೆಗೆದೂ ಹಾಕಿಯೂ ಸವೆದು ನುಣ್ಣಗಾಗಿತ್ತು.

ಸಂಜೆ ಆರಕ್ಕೆ ಠಾಣೆಯಲ್ಲಿ ಚಿಕ್ಕಹನುಮಯ್ಯನವರ ಬಂಧನ ದಾಖಲಾಯಿತು. ಹೇಳಿಕೆ ಕೊಡುವಾಗಲೂ ಅವರು ಬರಿಗಾಲಲ್ಲೇ ಇದ್ದರು, ಮೂಲೆಯಲ್ಲಿ ಬಿಟ್ಟು ಬಂದ ಚಪ್ಪಲಿ ಕೇಳಲಿಲ್ಲ.

"ಇಂಜಿನಿಯರ್‌ಗೆ ಯಾಕ್ ಹೊಡೆದ್ರಿ?"

"ನಾನು ಗೂಟ ಕಿತ್ತು, ನಿಂಬೆಹಣ್ಣು ಇಟ್ಟು ಹೆದರ್ಸಿದ್ರೂ ಕೇಳ್ದೆ ಅಲ್ಲೇ ಅಗೆದ್ರು. ಮಣ್ಣ್ ಜತೆ ಬಳೆ ಚೂರು ಬಂತು. ಇದ್ಯಾರ್ದು ಅಂದ್ರು. ಗುದ್ದಲಿ ಕಾವು ಕೈಲಿತ್ತು. ಸಾಯ್ಸೋಕಲ್ಲ ತಾಯಿ, ದಿಕ್ಕು ತೋಚ್ಲಿಲ್ಲ."

"ಹೇಮಶ್ರೀಗೆ ಏನಾಯ್ತು?"

"ಅವಳ ಮನ್ಸು ಸರಿ ಇರ್ಲಿಲ್ಲ. ನೆಂಟ್ರು ಬಂದ್ರೆ ಪಂಪ್‌ಹೌಸ್‌ಗೆ ಬುಟ್ಟು ಚಿಲಕ ಹಾಕ್ತಿದ್ವಿ. ಒಂದ್ಸಲ ಜ್ವರ ಇತ್ತು, ನಮ್ಗೆ ಗೊತ್ತಾಗ್ಲಿಲ್ಲ. ನೆಂಟ್ರನ್ನ ಬಸ್ ಹತ್ಸಿ ಬಂದು ತೆಗೆದ್ರೆ..."

"ಹಂಗಿದ್ರೆ ಜಮೀನು ಯಾಕ್ ಕೊಟ್ರಿ?"

"ಅವಳಂಥೋರ್ಗೆ ಒಂದು ಜಾಗ ಆಗ್ಲಿ ಅಂತ. ರೋಡ್ ಕಡೆ ಕಟ್ಟಿ ಅಂದಿದ್ದೆ. ದುಡ್ ಕೊಡೋರು ಬಂದು, ಇಂಥೋರ್ಗೆ ಪ್ರಶಾಂತವಾದ ಜಾಗ ಬೇಕು ಅಂತ ಆ ಮೂಲೆ ತೋರ್ಸಿದ್ರು. ಮೀಟಿಂಗ್‌ನಾಗೆ ಎಲ್ಲಾ ಚಪ್ಪಾಳೆ ಹೊಡೆದ್ರು. ನಾನೂ ಹೊಡ್ದೆ."

ಮಗಳ ಸಾವಿಗೆ ಪ್ರತ್ಯೇಕ ಪ್ರಕರಣ ದಾಖಲಾಯಿತು. ಮಾರನೆಯ ದಿನ ತಹಶೀಲ್ದಾರರ ಸಮ್ಮುಖದಲ್ಲಿ ಮೂಲೆ ಅಗೆಯುವುದೆಂದು ಗೊತ್ತಾಯಿತು. ಕೃಷ್ಣಕುಮಾರ್‌ಗೆ ಪ್ರಜ್ಞೆ ಬಂದಿದೆ ಎಂದು ಪ್ರಮೀಳಾ ಫೋನಿನಲ್ಲಿ ಅಳುತ್ತ ಹೇಳಿದಳು.

ನ್ಯಾಯಾಧೀಶರ ಮುಂದೆ ಹಾಜರುಪಡಿಸಲು ಕರೆದೊಯ್ಯುವ ಜೀಪು ಹತ್ತುವಾಗ ಚಿಕ್ಕಹನುಮಯ್ಯ ಹಿಂತಿರುಗಿ ನೋಡಿದರು.

"ತಾಯಿ, ಆ ಆರೈಕೆ ಮನೆ ಬಾಗ್ಲಿಗೆ ಹೊರಗಡೆ ಚಿಲಕ ಇಡ್ಬ್ಯಾಡಿ ಅಂತ ಹೇಳಿ."

ಓಬಳಯ್ಯ ಹಿಂಬಾಗಿಲು ಮುಚ್ಚಿ ಹೊರಗಿನಿಂದ ಚಿಲಕ ಹಾಕಿದ.