ರೆಕ್ಕೆ ಹಾವಿನ ಕನ್ನಡ

"ಈ ಆಪರೇಟರ್‌ಗೆ ಕೈ ಇದೆಯೋ ಇಲ್ವೋ! ನಮ್ಮ ಮಗ್ಗದಲ್ಲಿ ದಿನಾ ಎಷ್ಟು ಎಳೆ ತುಂಡಾಗುತ್ತೆ... ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಗಂಟು ಹಾಕಲ್ವಾ ನಾವು? ಇವನಿಗೆ ಒಂದು ಫಿಲಂ ಅಂಟ್ಸೋಕೆ ಇಷ್ಟು ಹೊತ್ತಾ?"

ತಮಿಳು ಸೀಮೆಯ ಉಡುಮಲೈಪೇಟೆಯ ಹೊರಗಿನ ಬಯಲಲ್ಲಿ ಟೂರಿಂಗ್ ಟಾಕೀಸಿನ ಡೇರೆ. ಸಿನಿಮಾ ಪಡಂ ನಡುವಲ್ಲೇ ಕತ್ತರಿಸಿ ಹೋಗಿ ಡೇರೆ ತುಂಬ ಕತ್ತಲೆ. ಹೆಂಗಸರ ಕಡೆ ಮರಳಲ್ಲಿ ಕೂತ ರಂಗನಾಯಕಿ ಗಟ್ಟಿಯಾಗಿ, ಕನ್ನಡದಲ್ಲಿ ಬೈಯುತ್ತಿದ್ದಳು.

ಅವಳಿಗೆ ಯಾರ ಭಯ? ನೇಕಾರರ ಬೀದಿ ದಾಟಿದರೆ ಕನ್ನಡ ಬಲ್ಲವರು ಯಾರಿದ್ದಾರೆ! ಪಕ್ಕದಲ್ಲಿದ್ದ ಗೆಳತಿ ಮಲ್ಲಿಗಾ ತಮಿಳಿನವಳು. ಅದೇ ಬೀದಿಯಲ್ಲಿ ಬೆಳೆದದ್ದರಿಂದ ಅವಳಿಗೆ ಮಾತ್ರ ಅರ್ಥವಾಗಿ ಕಿಸಕ್ಕನೆ ನಕ್ಕಳು.

ಆಗ ಮೈಕ್ ಕರಕರ ಎಂದಿತು.

"ಸ್ವಲ್ಪ ಪೊರುತ್ಕೋ, ತಡ್ಕೋ ಅಮ್ಮಣಿ... ಗಂಟೇ ಹಾಕ್ತಾ ಇದೀನಿ."

ಕನ್ನಡ! ಅದೂ ಅವಳ ಮನೆಯ ಕನ್ನಡ!

ರಂಗನಾಯಕಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕತ್ತಲಲ್ಲೂ ತನ್ನ ಮುಖ ಎಲ್ಲರಿಗೂ ಕಾಣುತ್ತಿದೆ ಎನ್ನಿಸಿ ಕಿವಿಯೆಲ್ಲ ಬಿಸಿಯಾಯಿತು. ಅದು ಎಂಬತ್ತೊಂದರ ಬೇಸಿಗೆ. ಅವಳಿಗೆ ಆಗ ಇಪ್ಪತ್ತು.

ಆ ಆಪರೇಟರ್ ಹೆಸರು ಚೆನ್ನಕೇಶವನ್. ಪೋತ್ತನೂರಿನ ಕನ್ನಡ ನೇಕಾರರ ಮನೆಯವನು. ಅಪ್ಪ ಮಗ್ಗ ಬಿಟ್ಟು ರೈಲ್ವೆ ಶೆಡ್ ಸೇರಿದ್ದರು, ಮಗ ಶೆಡ್ಡನ್ನೂ ಒಲ್ಲದೆ ಸಿನಿಮಾ ಡೇರೆ ಸೇರಿದ್ದ. ತಾಯಿ ತಂದೆ ಇಲ್ಲದವನಿಗೆ ಜಾನಮ್ಮ ಅನ್ನುವ ಒಬ್ಬಳು ಅತ್ತೆ, ಅಷ್ಟೇ.

ಮುಂದಿನ ವಾರ ಗಾಳಿಗೆ ಡೇರೆಯ ಪರದೆ ಹರಿಯಿತು. ಹೊಸ ಬಟ್ಟೆ ಬೇಕಲ್ಲ! ಮಗ್ಗದವರನ್ನು ಹುಡುಕಿಕೊಂಡು ಬಂದ ಚೆನ್ನಕೇಶವನ್ ನಿಂತದ್ದು ಯಾರ ಮನೆ ಮುಂದೆ ಅಂತೀರಿ? ರಂಗನಾಯಕಿಯ ಅಪ್ಪ ಲಿಂಗಪ್ಪನ್ ಅವರ ಮನೆ ಮುಂದೆಯೇ. ವಿಧಿಗೂ ಒಮ್ಮೊಮ್ಮೆ ತುಂಟತನ.

ಅಪ್ಪ ನೇಯ್ದರು, ಮಗಳು ರಾಟೆಯಲ್ಲಿ ನೂಲು ಸುತ್ತಿಕೊಟ್ಟಳು. ಮಗ್ಗದ ಅಗಲ ಪರದೆಗೆ ಸಾಲದೆ ಎರಡು ಪಟ್ಟಿ ಸೇರಿಸಿ, ನಡುವೆ ಹೊಲಿಗೆ ಹಾಕಿದವಳೂ ಅವಳೇ. ಬಟ್ಟೆ ಎಷ್ಟಾಯಿತು ಎಂದು ನೋಡುವ ನೆಪದಲ್ಲಿ ಅವನು ದಿನಾ ಬರುತ್ತಿದ್ದ. ನೋಡುತ್ತಿದ್ದದ್ದು ಬಟ್ಟೆಯನ್ನಲ್ಲ ಎಂದು ಮಗ್ಗದ ಗುಂಡಿಯಲ್ಲಿ ಕೂತ ಲಿಂಗಪ್ಪನ್‌ಗೂ ಗೊತ್ತಿತ್ತು. ಅವರಿಗೆ ಹುಡುಗ ಮೆಚ್ಚಿಗೆಯಾಗಿದ್ದ.

"ಹೊಲಿಗೆ ಕಾಣ್ಸುತ್ತಲ್ಲುಂಗ... ಪಡಂ ನೋಡೋರು ಬೈಯಲ್ವಾ?" ಎಂದಿದ್ದಳು ಒಂದು ದಿನ.

"ಕಾಣ್ಲಿ ಬಿಡು. ನಾನಾದ್ರೂ ದಿನಾ ನೋಡ್ತೀನಿ."

ಆ ಒಂದು ಮಾತನ್ನು ಅವಳು ವಾರಗಟ್ಟಲೆ ಬಚ್ಚಿಟ್ಟುಕೊಂಡು ಮೆಲುಕು ಹಾಕಿದಳು.

ಅಷ್ಟರಲ್ಲಿ ಕಾಂಗೇಯದಿಂದ ಸೋದರಮಾವ ತಾಂಬೂಲದ ತಟ್ಟೆ ಹಿಡಿದುಕೊಂಡು ಬಂದ, ಮಗನಿಗೆ ರಂಗನಾಯಕಿಯನ್ನು ಕೇಳಲು. ಬೀದಿಗೆಲ್ಲ ಸುದ್ದಿ ಹಬ್ಬಿತು. ಲಿಂಗಪ್ಪನ್ ನಯವಾಗಿ ಬೇಡ ಎಂದದ್ದು ಮಾತ್ರ ಮನೆಯೊಳಗೇ ಉಳಿಯಿತು.

ಕಂಗಾಲಾದ ಚೆನ್ನಕೇಶವನ್, ಡೇರೆಯ ಬಾಗಿಲಲ್ಲಿ ಅಮ್ಮನ ಜೊತೆ ಕಡಲೆಕಾಯಿ ಮಾರುತ್ತಿದ್ದ ಮಲ್ಲಿಗಾಳನ್ನು ಹಿಡಿದ. "ಶುಕ್ರವಾರ ಅತ್ತೆಯನ್ನು ಕರೆದುಕೊಂಡು ಹೆಣ್ಣು ಕೇಳಲು ಬರಲಾ ಎಂದು ಕೇಳಿ ಬಾ," ಎಂದು ತಮಿಳಿನಲ್ಲಿ ಹೇಳಿ ಕಳಿಸಿದ.

ಮಲ್ಲಿಗಾ ಓಡಿ ಬಂದು ಕೇಳಿದಾಗ ರಂಗನಾಯಕಿಯ ಕೈಯಲ್ಲಿ ರಾಟೆ ನಿಂತೇ ಹೋಯಿತು. ನಾಚಿಕೆಗೆ ಗೋಡೆ ಕಡೆ ತಿರುಗಿದಳು.

"ಆಯ್ತು... ಆಯ್ತು ಅಂತ ಹೇಳು."

ಮಲ್ಲಿಗಾ ಅಷ್ಟನ್ನೇ ಹೊತ್ತುಕೊಂಡು ಓಡಿದಳು.

ಶುಕ್ರವಾರ ಬಂತು. ಲಿಂಗಪ್ಪನ್ ಮಡಿ ಪಂಚೆ ಉಟ್ಟು ಜಗಲಿಯಲ್ಲಿ ಕೂತರು. ತಾಯಿ ಪಳನಿಯಮ್ಮ ಕೇಸರಿಬಾತ್ ಮಾಡಿದರು. ರಂಗನಾಯಕಿ ಮುಡಿ ತುಂಬ ಮಲ್ಲಿಗೆ ಮುಡಿದು, ಬಾಗಿಲ ಸಂದಿಯಿಂದ ಬೀದಿ ನೋಡುತ್ತ ನಿಂತಳು.

ಬಿಸಿಲು ಜಗಲಿಯಿಂದ ಇಳಿಯಿತು. ಯಾರೂ ಬರಲಿಲ್ಲ.

ಸಂಜೆ ಮಲ್ಲಿಗಾ ಅಳುತ್ತ ಬಂದಳು. "ಟೆಂಟ್ ಕೊಟ್ಟಾಯಿ ಕಿತ್ಕೊಂಡು ಹೋಗ್ಬಿಟ್ರು ರಂಗೀ... ಬಯಲಲ್ಲಿ ಯಾರೂ ಇಲ್ಲ!"

'ಹೇಳದೆ ಹೋದನಾ? ನನ್ನನ್ನು ಕೇಳಿ ಕಳಿಸಿ, ನಮ್ಮಪ್ಪನನ್ನು ಜಗಲಿಯಲ್ಲಿ ಕೂರಿಸಿ... ಹೇಳದೆ ಹೋದನಾ!'

ಅವಳು ಅಳಲಿಲ್ಲ. ಮುಡಿದ ಹೂವನ್ನು ಕಿತ್ತು, ರಾಟೆಯ ಮುಂದೆ ಕೂತು ನೂಲು ಸುತ್ತಿದಳು. ಅವತ್ತು ಸುತ್ತಿದ್ದೆಲ್ಲ ಸಿಕ್ಕುಸಿಕ್ಕಾಗಿ, ಮರುದಿನ ಅಪ್ಪ ಒಂದು ಮಾತೂ ಆಡದೆ ಕೂತು ಬಿಡಿಸಿದರು.

ಮರುವರ್ಷ ಅಪ್ಪ ಹಾಸಿಗೆ ಹಿಡಿದರು. ಕೊನೆಯ ದಿನಗಳಲ್ಲಿ ಮಗಳ ಕೈ ಹಿಡಿದು ಅಂದದ್ದು ಒಂದೇ.

"ಆ ಹುಡುಗ ಅಂಥೋನಲ್ಲ ಅಮ್ಮಣಿ. ಎಲ್ಲೋ ಒಂದು ಎಳೆ ತುಂಡಾಗಿದೆ. ನಮ್ಗೆ ಕಾಣ್ಸ್ತಿಲ್ಲ ಅಷ್ಟೆ."

"ಅವನ ಮಾತು ಬೇಡಪ್ಪಾ," ಎಂದಳು ರಂಗನಾಯಕಿ. ಅಪ್ಪ ಹೋದ ಮೇಲೆ ಅವರ ಆ ಮಾತು ಅವಳ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಬಂದ ಸಂಬಂಧಗಳನ್ನೆಲ್ಲ ಬೇಡ ಎಂದಳು. ಬೀದಿಯವರು ಬಾಯಿಗೆ ಬಂದಂತೆ ಆಡಿದರು. ಆಡುವವರಿಗೇನು, ಆಡಿ ಮಲಗುತ್ತಾರೆ. ಕೇಳಿದವಳಿಗೆ ತಾನೇ ನಿದ್ದೆ ಇಲ್ಲದ್ದು!

ಆ ಶುಕ್ರವಾರ ಕಳೆದು ನಾಲ್ಕು ವರ್ಷವಾಯಿತು.

"ರಂಗೀ, ಬಯಲಲ್ಲಿ ಟೆಂಟ್ ಕೊಟ್ಟಾಯಿ ಬಂದಿದೆ! ಬೊಂಬೆ ಪಡಂ ಅಂತೆ. ಇಂಗ್ಲಿಷ್ ಪಡಂ, ಆದ್ರೆ ಆಪರೇಟರ್ರೇ ಮೈಕಲ್ಲಿ ತಮಿಳಲ್ಲಿ ಕತೆ ಹೇಳ್ತಾರಂತೆ. ನನ್ ಮಗಳು ರೆಕ್ಕಪಾಂಬು ರೆಕ್ಕಪಾಂಬು ಅಂತ ಪ್ರಾಣ ತೆಗೀತಾಳೆ. ನೀನೂ ಬಾ!"

ಮಲ್ಲಿಗಾ ಈಗ ಮಗುವಿನ ತಾಯಿ. ಕನ್ನಡವೂ ಮೊದಲಿಗಿಂತ ಚೆನ್ನಾಗಿ ಬರುತ್ತಿತ್ತು. ರಂಗನಾಯಕಿ ಎಷ್ಟು ಒಲ್ಲೆ ಎಂದರೂ ಮಗು ಸೆರಗು ಬಿಡಲಿಲ್ಲ. ಬೇರೆ ಯಾವುದೋ ಡೇರೆ ಇರಬೇಕು ಎಂದುಕೊಂಡು ಹೊರಟಳು.

ಕತ್ತಲಾಯಿತು. ಪರದೆ ಬೆಳಗಿತು. ಹಿಮದ ನಡುಗಡ್ಡೆ, ಕೊಂಬಿನ ಟೋಪಿ ಹಾಕಿದ ಗಡ್ಡದ ಕಡಲವೀರರು... ವೈಕಿಂಗರಂತೆ ಅವರ ಹೆಸರು. ಅವರ ಮೇಲೆ ಹಾರಿಬಂದ ದೊಡ್ಡ ನೀಲಿ ಡ್ರ್ಯಾಗನ್, ಮಗು ಹೇಳಿದ ರೆಕ್ಕೆ ಹಾವು. ಮಕ್ಕಳೆಲ್ಲ ಹೋ ಎಂದು ಕೂಗಿದರು.

ರಂಗನಾಯಕಿ ಮಾತ್ರ ಡ್ರ್ಯಾಗನ್ ನೋಡಲಿಲ್ಲ. ಅದರ ಬೆನ್ನಿನ ನಡುವೆ ಮೇಲಿಂದ ಕೆಳಗೆ ಒಂದು ಸಣ್ಣ ಗೆರೆ ಕಾಣುತ್ತಿತ್ತು.

ಅದು ಅವಳ ಹೊಲಿಗೆ!

ಆ ಹೊತ್ತಿಗೇ ಮೈಕಿನಲ್ಲಿ ಆ ಧ್ವನಿ ಬಂತು. ಸ್ವಲ್ಪ ಒಡೆದಿತ್ತು, ಸ್ವಲ್ಪ ದಣಿದಿತ್ತು. ಆದರೆ ಅದೇ ಧ್ವನಿ.

'ಏಳು. ಎದ್ದು ಹೋಗು,' ಎಂದಿತು ಮನಸ್ಸು. ಕಾಲು ಏಳಲಿಲ್ಲ. ಮಡಿಲಲ್ಲಿ ಮಗು ಕೂತಿದೆಯಲ್ಲ ಎಂದು ತನಗೇ ನೆಪ ಹೇಳಿಕೊಂಡಳು.

ಕಡಲವೀರರೆಲ್ಲ ಅವನ ಬಾಯಲ್ಲಿ ಅಪ್ಪಟ ಕೊಂಗುನಾಡಿನ ತಮಿಳು ಆಡುತ್ತಿದ್ದರು. ಡೇರೆ ನಕ್ಕು ನಕ್ಕು ಸುಸ್ತಾಯಿತು. ನಾಯಕನ ಮಗಳೊಬ್ಬಳು ಗಾಯಗೊಂಡ ಡ್ರ್ಯಾಗನ್ನನ್ನು ಗುಹೆಯಲ್ಲಿ ಅಡಗಿಸಿ ಮೀನು ತಿನ್ನಿಸಿದಳು. ಡ್ರ್ಯಾಗನ್ ಅವಳ ಮುಂದೆ ತಲೆ ತಗ್ಗಿಸಿ ಗುರುಗುಟ್ಟಿತು.

"ಏನಮ್ಮಣಿ, ನಿನ್ ಕೈಯಡಿಗೆ ಇಷ್ಟು ಉಪ್ಪಾ?"

ಅಯ್ಯೋ! ಡ್ರ್ಯಾಗನ್ ಕನ್ನಡ ಮಾತಾಡಿತು!

ತಮಿಳಿನ ಮಕ್ಕಳು ಅದೇನೋ ಹಾವಿನ ಭಾಷೆ ಎಂದುಕೊಂಡು ಕೇಕೆ ಹಾಕಿದರು. ನೇಕಾರರ ಬೀದಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಪಾಪ, ಅವನಿಗೇನು ಗೊತ್ತು? ರಂಗನಾಯಕಿ ಕಾಂಗೇಯದ ಸೊಸೆಯಾಗಿ ಹೋಗಿ ಎಷ್ಟೋ ಕಾಲವಾಯಿತು ಎಂದೇ ಅವನು ನಂಬಿದ್ದ. ಊರೂರಿನಲ್ಲಿ ಯಾರಿಗೂ ಅರ್ಥವಾಗದ ಆ ಪ್ರಾಣಿಯ ಬಾಯಲ್ಲಿ ತನ್ನ ಎದೆ ಖಾಲಿ ಮಾಡಿಕೊಂಡೇ ಬದುಕಿದ್ದ.

ಕತೆಯಲ್ಲಿ ಊರವರಿಗೆ ಗುಟ್ಟು ತಿಳಿಯಿತು. ಪಂಜು ಹಿಡಿದು ಗುಹೆಗೆ ನುಗ್ಗಿದರು. ನಾಯಕನ ಮಗಳು ದಡದಲ್ಲಿ ನಿಂತು ಕೈ ಬೀಸುತ್ತ ಏನೋ ಕೂಗಿದಳು. ಹೋಗು ಅಂದಳೋ, ಬಾ ಅಂದಳೋ... ಡ್ರ್ಯಾಗನ್ ಒಮ್ಮೆ ತಿರುಗಿ ನೋಡಿ ಕಡಲ ಮೇಲೆ ಹಾರಿತು.

ಮೈಕಿನಲ್ಲಿ ಡ್ರ್ಯಾಗನ್ ಮತ್ತೆ ಕನ್ನಡದಲ್ಲಿ ಮಾತಾಡಿತು.

"ಹೋಗ್ತೀನಿ ಅಮ್ಮಣಿ. ಶುಕ್ರವಾರ ಬರ್ಲಾ ಅಂತ ಕೇಳ್ದೆ. ಆಯ್ತು ಅಂದ್ಬಿಟ್ಟೆ ನೀನು. ಮಾವನ ಮಗನ ಜೊತೆ ಮದ್ವೆ ಮಾತು ಮುಗ್ದೋಯ್ತು ಅಂದ್ಮೇಲೆ ನಾನ್ಯಾಕೆ ಅಲ್ಲಿ? ನೀನು ಚೆನ್ನಾಗಿರು... ನಿನ್ ಹೊಲಿಗೆ ನೋಡ್ಕೊಂಡು ನಾನಿರ್ತೀನಿ."

ರಂಗನಾಯಕಿ ಮಲ್ಲಿಗಾಳ ತೋಳನ್ನು ಗಟ್ಟಿಯಾಗಿ ಹಿಡಿದಳು.

"ಅವತ್ತು ನೀನು ಏನಂತ ಹೇಳ್ದೆ? ಅದೇ ಮಾತು ಹೇಳು!"

"ನೀ ಹೇಳಿದ್ದನ್ನೇ ಹೇಳ್ದೆ ರಂಗೀ... ತಮಿಳಲ್ಲಿ, 'ಕೇಟ್ಟೇನ್, ಆಯ್ತಾಂ' ಅಂತ... ಕೇಳ್ದೆ, ಆಯ್ತಂತೆ ಅಂತ..."

ಹೇಳುತ್ತಿದ್ದಂತೆಯೇ ಮಲ್ಲಿಗಾಳ ಬಾಯಿ ತೆರೆದೇ ಉಳಿಯಿತು.

ಕನ್ನಡದ ಮನೆಯಲ್ಲಿ ಆಯ್ತು ಅಂದರೆ ಒಪ್ಪಿಗೆ. ತಮಿಳಿನ ಬೀದಿಯಲ್ಲಿ ಆಯ್ತು ಅಂದರೆ ಆಗಿಹೋಯಿತು, ಮುಗಿಯಿತು. ತಮಿಳಿನವಳ ಬಾಯಲ್ಲಿ ತಮಿಳಿನ ನಡುವೆ ಬಂದ ಆ ಒಂದು ಮಾತನ್ನು ಅವನು ತಮಿಳೆಂದೇ ಕೇಳಿಸಿಕೊಂಡಿದ್ದ. ತಾಂಬೂಲದ ತಟ್ಟೆಯ ಸುದ್ದಿ ಬೇರೆ ಕಿವಿಗೆ ಬಿದ್ದಿತ್ತಲ್ಲ!

'ಅಪ್ಪಾ... ಎಳೆ ತುಂಡಾದದ್ದು ಇಲ್ಲಿ ಅಪ್ಪಾ!'

ರಂಗನಾಯಕಿ ಮಗುವನ್ನು ಇಳಿಸಿ ಎದ್ದು ನಿಂತಳು. ಬೆಳಕಿನ ಕೋಲು ಅವಳ ತಲೆಗೆ ತಾಗಿ, ಡ್ರ್ಯಾಗನ್ನಿನ ಕಡಲ ಮೇಲೆ ಒಂದು ಹೆಣ್ಣಿನ ನೆರಳು ಬಿತ್ತು.

"ಆಯ್ತು ಅಂದ್ರೆ ಬಾ ಅಂತ! ಬಾ ಅಂತ ಹೇಳಿದ್ದು ನಾನು!"

ಗಂಡಸರ ಕಡೆಯಿಂದ "ಕೂತ್ಕೋಮ್ಮಾ!" ಎಂದು ಯಾರೋ ತಮಿಳಿನಲ್ಲಿ ಗದರಿದರು. ಅವಳಿಗೆ ಅದ್ಯಾವುದೂ ಕೇಳಿಸಲಿಲ್ಲ.

"ನಮ್ಮಪ್ಪ ಮಡಿ ಪಂಚೆ ಉಟ್ಕೊಂಡು ಸಾಯಂಕಾಲದವರೆಗೂ ಕೂತಿದ್ರು... ಕೂತೇ ಇದ್ರು! ನೀನು ಬರ್ಲಿಲ್ಲ!"

ಮೈಕ್ ಸುಮ್ಮನಾಯಿತು. ಪರದೆಯ ಮೇಲೆ ಡ್ರ್ಯಾಗನ್ ಮಾತಿಲ್ಲದೆ ರೆಕ್ಕೆ ಬಡಿಯುತ್ತಿತ್ತು. "ಪೇಸು! ಪೇಸು!" ಎಂದು ಮಕ್ಕಳು ಕೂಗಿದರು. ಅದು ಮಾತಾಡಲಿಲ್ಲ. ರೀಲು ಮುಗಿದು ದೀಪ ಹತ್ತಿತು.

ರಂಗನಾಯಕಿ ಪ್ರೊಜೆಕ್ಟರಿನ ಕ್ಯಾಬಿನ್ ಕಡೆ ನಡೆದಳು. ಬಾಗಿಲಲ್ಲಿ ಚೆನ್ನಕೇಶವನ್ ನಿಂತಿದ್ದ. ಕೆನ್ನೆ ಒಳಕ್ಕೆ ಹೋಗಿತ್ತು, ಕಿವಿಯ ಬಳಿ ಕೂದಲು ಆಗಲೇ ಬೆಳ್ಳಗಾಗಿತ್ತು. ಅವಳ ಬರಿಯ ಕೊರಳನ್ನು ನೋಡಿ ಅವನು ಒಂದು ಮೆಟ್ಟಿಲು ಇಳಿದ.

"ಮದ್ವೆ... ಆಗ್ಲೇ ಇಲ್ವಾ?"

"ಬಂದು ಕೇಳ್ಬೇಕಾದೋರು ಬರ್ಲಿಲ್ಲವಲ್ಲ. ನಿಮ್ಗೆ?"

"ಈ ಕೊಟ್ಟಾಯಿನೇ ಕಟ್ಕೊಂಡಿದೀನಿ..." ಎಂದವನು ಸ್ವಲ್ಪ ತಡೆದ. "ಅಪ್ಪ ಹೇಗಿದ್ದಾರೆ ಅಮ್ಮಣಿ?"

ರಂಗನಾಯಕಿ ತಲೆ ತಗ್ಗಿಸಿದಳು.

ಅವನು ಕ್ಯಾಬಿನ್ನಿನ ಮೆಟ್ಟಿಲ ಮೇಲೆ ಕುಸಿದು ಕೂತ. ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡು, ಅಷ್ಟು ಜನರ ಮುಂದೆ, ಚಿಕ್ಕ ಮಗುವಿನಂತೆ ಅತ್ತ.

"ನಾನೇ ಮನೆಗೆ ಬಂದು ಒಂದು ಮಾತು ಕೇಳ್ಬೋದಿತ್ತು... ರೋಷ ಬಂತು, ಹೋಗ್ಬಿಟ್ಟೆ. ಅವ್ರು ನನ್ನ ಏನಂದ್ಕೊಂಡು ಹೋದ್ರೋ..."

"ಅಂಥೋನಲ್ಲ ಅಂದ್ರು." ಅವಳ ಕಣ್ಣೀರು ಈಗ ತಡೆಯಿಲ್ಲದೆ ಹರಿಯಿತು. ನಾಲ್ಕು ವರ್ಷದಿಂದ ಒಂದು ಹನಿಯೂ ಹೊರಗೆ ಬಿಟ್ಟಿರಲಿಲ್ಲ. "ನಾನು ನಂಬ್ಲಿಲ್ಲ. ಅವ್ರು ನಂಬಿದ್ರು."

ಕತ್ತರಿಸಿದ ಫಿಲಂ ಅಂಟಿಸಬಹುದು. ಎಳೆಗೂ ಗಂಟು ಹಾಕಬಹುದು. ಜಗಲಿಯಲ್ಲಿ ಕಾದು ಹೋದವರನ್ನು ಎಲ್ಲಿಂದ ತರುವುದು? ಮಲ್ಲಿಗಾ ಮಗಳನ್ನು ಅವುಚಿಕೊಂಡು ದೂರದಲ್ಲಿ ಬಿಕ್ಕುತ್ತಿದ್ದಳು. ರಂಗನಾಯಕಿ ಹೋಗಿ ಅವಳ ತಲೆ ಸವರಿ ಬಂದಳು.

ಜನ ಗಲಾಟೆ ಎಬ್ಬಿಸಿದರು. ಮುಂದಿನ ರೀಲು ಹಾಕಬೇಕಿತ್ತು. ಚೆನ್ನಕೇಶವನ್ ಕಣ್ಣೊರೆಸಿಕೊಂಡು ಎದ್ದ.

"ಆ ರೆಕ್ಕೆ ಹಾವು ವಾಪಸ್ ಬರುತ್ತಾ?" ಕೇಳಿದಳು ರಂಗನಾಯಕಿ.

"ಬರುತ್ತೆ. ಆದ್ರೆ ತಡವಾಗಿ ಬರುತ್ತೆ. ಅಷ್ಟರಲ್ಲಿ ದಡದಲ್ಲಿ ಎಷ್ಟೋ ಜನ ಇರಲ್ಲ."

ಅವಳು ಪರದೆಯ ನಡುವಿನ ಗೆರೆಯನ್ನೇ ನೋಡುತ್ತ ನಿಂತಳು. ಅಲ್ಲಲ್ಲಿ ದಾರ ಬಿಟ್ಟಿದ್ದ ಕಡೆ ಯಾರೋ ಗಂಡಸಿನ ಕೈ ಸೊಟ್ಟಸೊಟ್ಟಗೆ ಮತ್ತೆ ಹೊಲಿದಿತ್ತು.

"ಅಮ್ಮಣಿ..." ಅವನ ಧ್ವನಿ ಅವಳಿಗೆ ಮಾತ್ರ ಕೇಳುವಷ್ಟಿತ್ತು. "ಜಾನಮ್ಮತ್ತೇನ ಕರ್ಕೊಂಡು ಶುಕ್ರವಾರ ಬರ್ಲಾ? ಅಪ್ಪ ಕೂತಿದ್ದ ಜಗಲೀಗೆ ಮೊದ್ಲು ಕೈ ಮುಗೀತೀನಿ."

ರಂಗನಾಯಕಿ ಬಾಯಿ ತೆರೆದಳು. ನಾಲಗೆಯ ತುದಿಗೆ ಅದೇ ಹಳೆಯ ಮಾತು ಬಂತು. ಅಲ್ಲೇ ತಡೆದಳು.

"ಸರಿ."

ಅವನು ಅವಳನ್ನೇ ನೋಡಿದ. "ಕನ್ನಡದ ಸರಿನಾ, ತಮಿಳಿನ ಸರಿನಾ?"

ಅಳುತ್ತಿದ್ದವಳು ಅಳುತ್ತಲೇ ನಕ್ಕಳು.

"ಎರಡರಲ್ಲೂ ಒಂದೇ ಕಣೋ."